ನಾಗಪುರದ ಪರೀಕ್ಷೆ, ವರ್ಧಾದ ಸಲಹೆ

1883ರಲ್ಲಿ ಹಿಸ್ಲಾಪ್ ಕಾಲೇಜು, 1885ರಲ್ಲಿ ಮಾರಿಸ್ ಕಾಲೇಜು ಶುರುವಾದಾಗ ನಾಗಪುರದ ವಿದ್ಯಾರ್ಥಿಗಳನ್ನು ಅಳೆಯುತ್ತಿದ್ದದ್ದು ದೂರದ ಕಲ್ಕತ್ತ ವಿಶ್ವವಿದ್ಯಾಲಯ. ಆಮೇಲೆ ಆ ಕೆಲಸ ಅಲಹಾಬಾದಿಗೆ ಹೋಯಿತು. 1923ರಲ್ಲಿ ನಾಗಪುರಕ್ಕೇ ವಿಶ್ವವಿದ್ಯಾಲಯ ಬಂತು. 1965ರ ಮಹಾರಾಷ್ಟ್ರ ಕಾಯ್ದೆಯ ನಂತರ ಶಾಲೆಯ ಕೊನೆಯ ಪರೀಕ್ಷೆ ಪುಣೆಯ ರಾಜ್ಯ ಮಂಡಳಿಯ ಕೈಸೇರಿ, ನಾಗಪುರಕ್ಕೆ ವಿಭಾಗೀಯ ಮಂಡಳಿಯೊಂದು ದಕ್ಕಿತು. ಯಜಮಾನರು ಇಷ್ಟು ಸಲ ಬದಲಾದರೂ ವರ್ಷಕ್ಕೊಂದು ಪತ್ರಿಕೆ, ಮುಖ ಕಾಣದ ಮೌಲ್ಯಮಾಪಕ, ಒಂದು ಅಂಕಪಟ್ಟಿ ಎಂಬ ಕ್ರಮ ಮಾತ್ರ ಅಲುಗಲಿಲ್ಲ. ಹುಡುಗ ಏನು ಕಲಿತ ಎಂದು ತಿಳಿಯುವುದಕ್ಕಿಂತ, ಕಾಲೇಜಿಗೂ ಸರ್ಕಾರಿ ಕಚೇರಿಗೂ ಯಾರನ್ನು ಬಿಟ್ಟುಕೊಳ್ಳಬೇಕೆಂದು ಸೋಸುವುದೇ ಅದರ ಮುಖ್ಯ ಕೆಲಸವಾಗಿತ್ತು. ಆ ಕೆಲಸ ಹಾಗೇ ಉಳಿದಿರುವಾಗ ಪರೀಕ್ಷೆ ನಡೆಸುವವರನ್ನು ಬದಲಿಸಿ ಫಲವಿಲ್ಲ.

ಇದನ್ನು ಸ್ಪಷ್ಟವಾಗಿ ಕಂಡವರು ನಾಗಪುರದ ಮಗ್ಗುಲಲ್ಲೇ ಇದ್ದರು. 1937ರ ಅಕ್ಟೋಬರ್ 22 ಮತ್ತು 23ರಂದು ವರ್ಧಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಅಲ್ಲಿ ನೇಮಕವಾದ ಜಾಕಿರ್ ಹುಸೇನ್ ಸಮಿತಿ ಡಿಸೆಂಬರಿನಲ್ಲೇ ವರದಿ ಕೊಟ್ಟಿತು. ಪ್ರಚಲಿತ ಪರೀಕ್ಷಾ ಪದ್ಧತಿ ಶಿಕ್ಷಣಕ್ಕೆ ಶಾಪವಾಗಿದೆ ಎಂದ ಸಮಿತಿ, ಮುಂದಿನ ತರಗತಿಗೆ ಕಳಿಸುವ ನಿರ್ಧಾರವನ್ನು ಶಿಕ್ಷಕರಿಗೇ ಬಿಟ್ಟಿತು. ತನಿಖಾಧಿಕಾರಿಗಳು ಆಯ್ದ ಕೆಲವು ಗುಂಪುಗಳ ಮಕ್ಕಳನ್ನಷ್ಟೇ ಪರೀಕ್ಷಿಸಿ ಆ ಪ್ರದೇಶದ ಶಾಲೆಗಳ ಮಟ್ಟ ಅಳೆಯಬೇಕು ಎಂದಿತು. ಅಂದರೆ ಹೊರಗಿನವರ ಎದುರು ಉತ್ತರ ಕೊಡಬೇಕಾದದ್ದು ಶಾಲೆ, ಒಂಟಿ ಮಗುವಲ್ಲ. ಏಳರಿಂದ ಹದಿನಾಲ್ಕರ ವಯಸ್ಸಿನವರಿಗೆಂದು ಹೇಳಿದ ಮಾತಿದು, ನಿಜ. ಆದರೆ ಅದರ ತರ್ಕ ಹನ್ನೆರಡನೆಯ ತರಗತಿಗೂ ಸಲ್ಲುತ್ತದೆ.

ಶಿಕ್ಷಕರ ಕೈಗೆ ಅಂಕ ಕೊಟ್ಟರೆ ಅಂಕದ ಬೆಲೆಯೇ ಕುಸಿಯುತ್ತದೆ ಎನ್ನುವವರಿಗೆ 2021ರ ಸಾಕ್ಷ್ಯವಿದೆ. ಕೋವಿಡ್‌ನಿಂದ ಹನ್ನೆರಡನೆಯ ತರಗತಿಯ ಪರೀಕ್ಷೆ ರದ್ದಾಗಿ, ಹತ್ತು, ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆ 30:30:40ರ ಪಾಲು ಹಾಕಿ ಫಲಿತಾಂಶ ಕೊಟ್ಟಾಗ ಮಹಾರಾಷ್ಟ್ರದಲ್ಲಿ ಶೇ. 99.63 ಮಂದಿ ತೇರ್ಗಡೆಯಾದರು. ಹಿಂದಿನ ವರ್ಷ ಅದು ಶೇ. 90.66 ಇತ್ತು. ಆದರೆ ಅದು ಆಪತ್ಕಾಲದ ಲೆಕ್ಕಾಚಾರ. ವರ್ಧಾ ಸಮಿತಿ ಹೇಳಿದಂಥ ಹೊರಗಿನ ಮಾದರಿ ಪರೀಕ್ಷೆಯ ಕಾವಲು ಅದಕ್ಕಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು. ಅಂಬೇಡ್ಕರ್ ಬೌದ್ಧ ದೀಕ್ಷೆ ಪಡೆದ ದೀಕ್ಷಾಭೂಮಿಯ ಊರಿನಲ್ಲಿ ಅದನ್ನು ಬದಿಗೆ ತಳ್ಳುವಂತಿಲ್ಲ. ಉತ್ತರಪತ್ರಿಕೆಯ ಮೇಲಿರುವುದು ಕ್ರಮಸಂಖ್ಯೆ, ಅಡ್ಡಹೆಸರಲ್ಲ. ತರಗತಿಯ ಮೇಷ್ಟರಿಗೆ ಹುಡುಗಿಯ ಅಡ್ಡಹೆಸರೂ ಗೊತ್ತು, ಕೇರಿಯೂ ಗೊತ್ತು. ಈ ಭಯ ನ್ಯಾಯವಾದದ್ದು. ಹಾಗಾಗಿ ಹೆಸರಿಲ್ಲದ ಲಿಖಿತ ಪತ್ರಿಕೆಯನ್ನು ಪೂರ್ತಿ ಕೈಬಿಡಬಾರದು. ವರ್ಷವಿಡೀ ಮಾಡಿದ ಕೆಲಸದ ಅಂಕವನ್ನು ಅದರ ಜೊತೆಗಿಟ್ಟು, ಎರಡಕ್ಕೂ ತಾಳೆಯಾಗದ ಶಾಲೆಗಳ ಕಡತಗಳನ್ನು ಬೇರೆ ಜಿಲ್ಲೆಯ ಶಿಕ್ಷಕರಿಂದ ತೆರೆಸಬೇಕು. ವೈದ್ಯಕೀಯಕ್ಕೆ ನೀಟ್, ಎಂಜಿನಿಯರಿಂಗಿಗೆ ಸಿಇಟಿ ಬಂದಮೇಲೆ ಸೋಸುವ ಹೊರೆಯ ದೊಡ್ಡ ಪಾಲು ಮಂಡಳಿಯ ಹೆಗಲಿನಿಂದ ಆಗಲೇ ಇಳಿದಿದೆ. 1937ರಲ್ಲಿ ಇಲ್ಲದ ಈ ಅನುಕೂಲವನ್ನು ನಾಗಪುರದ ವಿಭಾಗೀಯ ಮಂಡಳಿ ಮೊದಲು ಕಲಾ ವಿಭಾಗದಲ್ಲೇ ಬಳಸಿ ನೋಡಬಹುದು.