ಮೆದುನೀರಿನ ಉಪ್ಪು ಎಲ್ಲಿಗೆ ಹೋಗುತ್ತದೆ?

ನೀರಿನ ಗಡಸುತನವನ್ನು ಅಳೆಯುವ ಮೊದಲ ಪ್ರಯೋಗಾಲಯ ನಮ್ಮ ಅಡುಗೆಮನೆ. ಎಷ್ಟು ಹೊತ್ತು ಬೇಯಿಸಿದರೂ ಬೇಳೆ ಮೆತ್ತಗಾಗದಿದ್ದರೆ ಆ ಬಾವಿಯ ನೀರು ಅಡುಗೆಗೆ ಬಾರದು ಎಂದು ಹೆಂಗಸರು ತೀರ್ಮಾನಿಸುತ್ತಿದ್ದರು. ಅದಕ್ಕೆ ಕಾರಣ ಕಲ್ಲು ಮಣ್ಣುಗಳಿಂದ ಕರಗಿ ಬಂದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟುವಾಳ ಇದ್ದ ಕಾಲದಲ್ಲಿ ಬಚ್ಚಲಿಗೆ ಇದರ ಕಾಟ ಅಷ್ಟಾಗಿ ತಟ್ಟಿರಲಿಲ್ಲ. ಸೋಪು ಗಡಸು ನೀರಿನಲ್ಲಿ ನೊರೆ ಬರುವ ಬದಲು ಬಿಳಿ ಗಸಿಯಾಗುತ್ತದೆ. ಸೀಗೆ, ಅಂಟುವಾಳಗಳ ನೊರೆ ಹಾಗೆ ಸುಲಭಕ್ಕೆ ಕೆಡುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದು 1916ರಲ್ಲಿ. ಸೋಪು ಮನೆಮನೆಗೆ ಬಂದ ಮೇಲೆ ಗಡಸು ನೀರು ಬಚ್ಚಲಿನ ಸಮಸ್ಯೆಯೂ ಆಯಿತು.

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಈ ಸಮಸ್ಯೆ ಮೊದಲೇ ಎದುರಾಗಿತ್ತು. ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ 1841ರಲ್ಲಿ ನೀರಿಗೆ ಸುಣ್ಣ ಬೆರೆಸಿ ಗಡಸುತನ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ನೀರಿಗೆ ಸೋಪಿನ ದ್ರಾವಣ ಹಾಕಿ, ಕುಲುಕಿ, ನೊರೆ ನಿಲ್ಲಲು ಎಷ್ಟು ಬೇಕಾಯಿತು ಎಂದು ಅಳೆಯುವ ಪರೀಕ್ಷೆಯೂ ಅವನದೇ.

ಆದರೆ ಇಂದು ನಮ್ಮ ಬಾಲ್ಕನಿಗಳಲ್ಲಿ ನಿಂತಿರುವ ವಾಟರ್ ಸಾಫ್ಟನರ್ ಕ್ಲಾರ್ಕ್‌ನ ವಂಶದ್ದಲ್ಲ. ಅದರ ಮೂಲ ಇರುವುದು ಹೊಲದಲ್ಲಿ, ಅದೂ ಗೊಬ್ಬರದ ಚಿಂತೆಯಲ್ಲಿ. ಯಾರ್ಕ್‌ಶೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್‌ಗೆ ಗೊಬ್ಬರದ ಅಮೋನಿಯಾ ಮಳೆಗೆ ಕೊಚ್ಚಿಹೋಗುತ್ತದೆಯೇ ಎಂಬ ಪ್ರಶ್ನೆ ಕಾಡುತ್ತಿತ್ತು. ಮಣ್ಣು ತುಂಬಿದ ಕೊಳವೆಗೆ ಅಮೋನಿಯಂ ಸಲ್ಫೇಟ್ ಸುರಿದು ನೋಡಿದರೆ ಕೆಳಗಿನಿಂದ ಇಳಿದು ಬಂದದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ. ಮಣ್ಣು ಒಂದನ್ನು ಹಿಡಿದಿಟ್ಟುಕೊಂಡು ಇನ್ನೊಂದನ್ನು ಬಿಟ್ಟುಕೊಟ್ಟಿತ್ತು. ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನತಜ್ಞ ಜೆ. ಥಾಮಸ್ ವೇ 1850 ಮತ್ತು 1852ರ ತನ್ನ ಪ್ರಬಂಧಗಳಲ್ಲಿ ಇದನ್ನು ಬಿಡಿಸಿ ತೋರಿಸಿದ. ಈ ವಿನಿಮಯ ಜೇಡಿಮಣ್ಣಿನ ಗುಣ, ಮತ್ತು ಅದು ಲೆಕ್ಕಕ್ಕೆ ಸರಿಯಾಗಿ ನಡೆಯುತ್ತದೆ: ಹೋದಷ್ಟಕ್ಕೆ ಸಮನಾದದ್ದು ಬರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್‌ನ ರಾಬರ್ಟ್ ಗಾನ್ಸ್ ಮಣ್ಣಿನ ಈ ಗುಣವಿರುವ ಕೃತಕ ಹರಳುಗಳನ್ನು ತಯಾರಿಸಿ ನೀರನ್ನು ಮೆದುಗೊಳಿಸಲು ಬಳಸಿದ. ಅದಕ್ಕೆ ಬಂದ ಹೆಸರು ಪರ್ಮುಟಿಟ್, ವಿನಿಮಯ ಎಂಬರ್ಥದ ಲ್ಯಾಟಿನ್ ಪದದಿಂದ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಅದೇ ಕೆಲಸವನ್ನು ಕೃತಕ ರಾಳದಿಂದ ಮಾಡಿಸಬಹುದು ಎಂದು ತೋರಿಸಿದರು. ಮುಂದಿನ ದಶಕದಲ್ಲಿ ಅಮೆರಿಕದ ಡಿ'ಅಲೆಲಿಯೊ ರೂಪಿಸಿದ ಪಾಲಿಸ್ಟೈರೀನ್ ರಾಳದ ವಂಶದವೇ ಇಂದಿನ ರೆಸಿನ್ ಮಣಿಗಳು. ಸಾಸಿವೆಗಿಂತಲೂ ಚಿಕ್ಕವು.

ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆ ನೀರು ಬಂತು. ನಗರದ ನೀರಿನ ಚರಿತ್ರೆಯನ್ನು ಸಾಮಾನ್ಯವಾಗಿ ಈ ಮೂರು ಇಸವಿಗಳ ಮೇಲೆ ಹೇಳುತ್ತಾರೆ. ನನ್ನ ಪಿಎಚ್‌ಡಿ ಕೆಲಸವೂ ಅಲ್ಲಿಂದಲೇ ಶುರುವಾದದ್ದು. ಆದರೆ ಕೊಳವೆ ಮುಟ್ಟದ ಹೊರಬಡಾವಣೆಗಳು ಬೆಳೆದದ್ದು ಬೋರ್‌ವೆಲ್ ನಂಬಿ, ಬೋರ್‌ವೆಲ್ ಆಳವಾದಷ್ಟೂ ನೀರು ಬಂಡೆಯ ಸಂಗದಲ್ಲಿ ಹೆಚ್ಚು ಕಾಲ ಕಳೆದಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ನಾನು ಬಾಡಿಗೆಗಿರುವ ಮನೆಯ ನೀರು ಸುಮಾರು 400.

ಆ ಮನೆಯ ಸಾಫ್ಟನರ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಸಿಲಿಂಡರಿನೊಳಗೆ 20 ಲೀಟರ್ ರೆಸಿನ್ ಇದೆ. ಮಣಿಗಳು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತವೆ. ಕೊಡಲು ಸೋಡಿಯಂ ಮುಗಿದಾಗ ಮತ್ತೆ ತುಂಬಬೇಕು. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ಕೆಸರು ತೆಗೆಯುವುದು. ಆಮೇಲೆ ನೂರಕ್ಕೆ ಹತ್ತರಷ್ಟು ಉಪ್ಪಿನ ನೀರನ್ನು ನಿಧಾನವಾಗಿ, ಸುಮಾರು ಅರ್ಧ ಗಂಟೆ ಬಿಡುವುದು. ಕೊನೆಗೆ ಉಪ್ಪಿನ ರುಚಿ ಹೋಗುವವರೆಗೆ ತೊಳೆಯುವುದು. ಹರಳುಪ್ಪಿನಲ್ಲಿ ಮಣ್ಣಿದ್ದರೆ ಉಪ್ಪಿನ ಡಬ್ಬಿಯ ತಳದಲ್ಲಿ ಕೆಸರು ಕೂರುತ್ತದೆ, ಅದನ್ನು ಆಗಾಗ ತೆಗೆಯಬೇಕು. ನೀರಿನಲ್ಲಿ ಕಬ್ಬಿಣವಿದ್ದರೆ ಮಣಿಗಳು ಕಂದು ಬಣ್ಣಕ್ಕೆ ತಿರುಗಿ ಕೆಲಸ ಕುಗ್ಗುತ್ತದೆ. ಪರೀಕ್ಷೆಗೆ ಒಂದು ಪುಟ್ಟ ಕಿಟ್ ಸಾಕು: ಹನಿ ಹಾಕಿದಾಗ ನೀರು ನೀಲಿಯಾದರೆ ಮೆದು, ಕೆಂಪಗಾದರೆ ಗಡಸು.

ಥಾಂಪ್ಸನ್ ತನ್ನ ಮಣ್ಣಿನ ಕೊಳವೆಯಲ್ಲಿ ಕಂಡ ವಿನಿಮಯವೇ ಇದು. ವೇ ಹೇಳಿದ ಲೆಕ್ಕವೂ ಇಲ್ಲಿ ನಿಲ್ಲುತ್ತದೆ. 400 ಮಿಲಿಗ್ರಾಂ ಗಡಸುತನ ಪೂರ್ತಿ ತೆಗೆದರೆ ಪ್ರತಿ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರಿಗೆ ಇದು ಸಣ್ಣ ಮಾತಲ್ಲ, ಹಾಗಾಗಿ ಕುಡಿಯುವ ನಲ್ಲಿಯನ್ನು ಸಾಫ್ಟನರಿಗೆ ಜೋಡಿಸಬಾರದು. ಇನ್ನು ಉಪ್ಪು: ನಮ್ಮಲ್ಲಿ ಒಂಬತ್ತು ದಿನಕ್ಕೊಮ್ಮೆ ಮೂರು ಕೆ.ಜಿ. ಬೇಕಾಗುತ್ತದೆ. ವರ್ಷಕ್ಕೆ ಸುಮಾರು 120 ಕೆ.ಜಿ. ಇಂಥ ನೂರು ಮನೆಗಳ ಅಪಾರ್ಟ್‌ಮೆಂಟ್ ಎಂದರೆ 12 ಟನ್.

ಅದಷ್ಟೂ ಚರಂಡಿಗೆ ಹೋಗುತ್ತದೆ. ಕೊಳಚೆ ಶುದ್ಧೀಕರಣದ ಎರಡನೆಯ ಹಂತ ಕಸ, ಸಾವಯವ ಕೊಳೆಗಳನ್ನು ತೆಗೆಯುತ್ತದೆ. ಕರಗಿದ ಉಪ್ಪನ್ನು ತೆಗೆಯುವುದಿಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಇಷ್ಟೇ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಸೋಡಿಯಂ ಹೆಚ್ಚಿರುವ ನೀರು ಜೇಡಿಮಣ್ಣಿಗೆ ಇಳಿದಾಗ ಅಲ್ಲಿಯೂ ವಿನಿಮಯ ನಡೆಯುತ್ತದೆ: ಕ್ಯಾಲ್ಸಿಯಂ ಹೊರಡುತ್ತದೆ, ಸೋಡಿಯಂ ಕೂರುತ್ತದೆ. ಮಣ್ಣಿನ ಕಣಗಳ ಹಿಡಿತ ತಪ್ಪುತ್ತದೆ, ನೀರು ಇಂಗುವ ದಾರಿ ಮುಚ್ಚಿಕೊಳ್ಳುತ್ತದೆ. ರೈತರು ಚೌಳು ಎಂದು ಕರೆಯುವ ಭೂಮಿ ಆಗುವುದು ಹೀಗೆ. ಅದನ್ನು ಸರಿಪಡಿಸಲು ಹಾಕುವುದು ಜಿಪ್ಸಂ, ಥಾಂಪ್ಸನ್ನನ ಕೊಳವೆಯಿಂದ ಇಳಿದದ್ದೇ!

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲರಿಟಾ ಕಣಿವೆಯವರಿಗೆ ಈ ಲೆಕ್ಕ ಬೇರೊಂದು ರೂಪದಲ್ಲಿ ಎದುರಾಯಿತು. ಮನೆಗಳ ಉಪ್ಪಿನ ಕ್ಲೋರೈಡ್ ನದಿ ಸೇರಿ, ಕೆಳಗಿನ ಸ್ಟ್ರಾಬೆರಿ, ಅವಕಾಡೊ ಬೆಳೆಗಾರರನ್ನು ಕಾಡಿತು. ಉಪ್ಪು ಸುರಿಸುವ ಸ್ವಯಂಚಾಲಿತ ಸಾಫ್ಟನರುಗಳನ್ನು ಮನೆಗಳಿಂದ ತೆಗೆಸುವ ಪ್ರಸ್ತಾವಕ್ಕೆ ಅಲ್ಲಿನ ಮತದಾರರು 2008ರಲ್ಲಿ ಒಪ್ಪಿಗೆ ಕೊಟ್ಟರು.

ನಮ್ಮಲ್ಲಿ ಅಂಥ ಮತದಾನ ನಡೆಯುವ ತನಕ ಕಾಯಬೇಕಿಲ್ಲ. ದಿನ ಎಣಿಸಿ ಉಪ್ಪು ಹಾಕುವ ಬದಲು ಹರಿದ ನೀರಿನ ಲೀಟರ್ ನೋಡಿ, ಕಿಟ್ ಕೆಂಪಗಾದಾಗ ಮಾತ್ರ ಹಾಕಬಹುದು. ಫ್ಲಶ್‌ಗೆ, ನೆಲ ಒರೆಸಲು, ಗಿಡಗಳಿಗೆ ಗಡಸು ನೀರೇ ಸಾಕು. ಗಿಡಕ್ಕಂತೂ ಅದೇ ಲೇಸು. ಸಾಫ್ಟನರ್ ಬೇಕಾದದ್ದು ಗೀಸರಿಗೆ, ಸ್ನಾನಕ್ಕೆ, ವಾಷಿಂಗ್ ಮಷಿನ್ನಿಗೆ. ಪೈಪನ್ನು ಹಾಗೆ ಬೇರ್ಪಡಿಸಿದರೆ ಉಪ್ಪಿನ ಖರ್ಚು ತಾನಾಗಿ ಇಳಿಯುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತದೆ ಗಾದೆ. ನಗರದ ಚರಿತ್ರೆ ಬರೆಯಲು ಕುಳಿತ ನನಗೆ ಇದರಲ್ಲಿ ಕಾಣುವುದು ಒಂದು ಜರೂರಿನ ಪ್ರಶ್ನೆ: ಉಪ್ಪು ಸುರಿಯುವವರು ಒಂದು ಊರಿನವರು, ಆ ನೀರು ಇಳಿಯುವುದು ಇನ್ನೊಂದು ಊರಿನ ಹೊಲಕ್ಕೆ. ನೀರಿನ ಚರಿತ್ರೆಯನ್ನು ನಲ್ಲಿಗೆ ನಿಲ್ಲಿಸದೆ ಚರಂಡಿಯಾಚೆಗೂ ಬರೆಯಬೇಕಿದೆ.