ಹೊಳೆಯುವ ಅಂಕಿಗಳ ಆಯುಷ್ಯ

ನನ್ನಲ್ಲಿ ಅಜ್ಜನ ಕಾಲದ ಮೇಜಿನ ಗಡಿಯಾರವೊಂದುಂಟು. ಬಾಲ್ಯದಲ್ಲಿ ನಡುರಾತ್ರಿ ಎಚ್ಚೆತ್ತರೆ ಅದರ ಅಂಕಿಗಳು ಮಂದವಾದ ಹಸುರು ಬೆಳಕನ್ನು ಬೀರುತ್ತಿದ್ದುದು ನೆನಪಿದೆ. ಇಂದು ಕತ್ತಲೆಯಲ್ಲಿ ಅದು ಪೂರ್ಣ ಕುರುಡು. ರೇಡಿಯಂ ತೀರಿಹೋಯಿತು ಎನ್ನುವುದು ಮನೆಯವರ ವಿವರಣೆ. ವಾಹನಗಳಿಗೆ ಅಂಟಿಸುವ ಮಿರುಗುವ ಹಾಳೆಯನ್ನೂ ರೇಡಿಯಂ ಎಂದೇ ಕರೆಯುವವರು ನಾವು. ಅದರಲ್ಲಿ ಆ ಧಾತುವಿನ ಲವಲೇಶವೂ ಇಲ್ಲವೆಂಬುದು ಬೇರೆ ಮಾತು. ಗಡಿಯಾರದ ವಿಷಯದಲ್ಲಾದರೋ ಹೆಸರು ಸರಿ, ವಿವರಣೆ ತಪ್ಪು.

1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 1,600 ವರ್ಷ ಬೇಕು. ನೂರು ವರ್ಷ ಹಳೆಯದಾದ ಗಡಿಯಾರದಲ್ಲೂ ಅದರ ನೂರಕ್ಕೆ 95 ಪಾಲಿಗಿಂತ ಹೆಚ್ಚು ಹಾಗೆಯೇ ಉಳಿದಿರುತ್ತದೆ. ನಮಗೆ ಕಾಣುತ್ತಿದ್ದ ಬೆಳಕು ಅದರೊಡನೆ ಬೆರೆಸಿದ ಜಿಂಕ್ ಸಲ್ಫೈಡ್ ಹರಳುಗಳದು. ರೇಡಿಯಂ ಚಿಮ್ಮುವ ಕಣ ತಾಗಿದಾಗಲೆಲ್ಲ ಹರಳು ಮಿನುಗುತ್ತದೆ. ಅದೇ ಪೆಟ್ಟಿಗೆ ಜರ್ಜರಿತವೂ ಆಗುತ್ತದೆ. ಕೆಲವು ವರ್ಷಗಳಲ್ಲಿ ಬೆಳಕು ಮಂಕಾಗಿ, ಕೆಲವು ದಶಕಗಳಲ್ಲಿ ಆರಿಹೋಗುತ್ತದೆ. ದಣಿದದ್ದು ಹರಳು, ರೇಡಿಯಂ ಅಲ್ಲ.

ಈ ಬಣ್ಣಕ್ಕೆ ಬೇಡಿಕೆ ಏರಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಕಂದಕದ ಸೈನಿಕನಿಗೆ ಬೆಂಕಿಕಡ್ಡಿ ಗೀರದೆ ಹೊತ್ತು ತಿಳಿಯಬೇಕಿತ್ತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಎಳೆವಯಸ್ಸಿನ ಹೆಣ್ಣುಮಕ್ಕಳು ಅಂಕಿಗಳಿಗೆ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ತೆಗೆಯುವಂತೆ ಅವರಿಗೆ ಕಲಿಸಲಾಗಿತ್ತು. ಅಪಾಯವಿಲ್ಲವೆಂಬ ಭರವಸೆಯೂ ದೊರೆತಿತ್ತು. ಅಲ್ಲಿಯ ರಸಾಯನಜ್ಞರು ಮಾತ್ರ ಸೀಸದ ಮರೆಯಲ್ಲಿ ನಿಂತು ಇಕ್ಕಳದಿಂದ ರೇಡಿಯಂ ಮುಟ್ಟುತ್ತಿದ್ದರು. ಆದುದರಿಂದ ನಡೆದುದನ್ನು ಅಜ್ಞಾನವೆಂದು ಮನ್ನಿಸಲು ನನ್ನಿಂದಾಗದು.

ರೇಡಿಯಂ ಗುಣದಲ್ಲಿ ಕ್ಯಾಲ್ಸಿಯಂಗೆ ಹತ್ತಿರದ ನಂಟ. ದೇಹ ಅದನ್ನು ಮೂಳೆಗೆ ಸೇರಿಸಿಕೊಳ್ಳುತ್ತದೆ. ಮಾಲಿ ಮ್ಯಾಜಿಯಾ ಎಂಬಾಕೆಯ ಹಲ್ಲುಗಳು ಹೋದವು, ದವಡೆ ಕಳಚಿತು, 1922ರಲ್ಲಿ ಆಕೆ ತೀರಿಕೊಂಡಳು. ಮರಣಪತ್ರದಲ್ಲಿ ಬರೆದ ಕಾರಣ ಸಿಫಿಲಿಸ್! 1927ರಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಮೂಳೆಗಳು ಇನ್ನೂ ವಿಕಿರಣ ಸೂಸುತ್ತಿದ್ದವು. ಆ ಸುಳ್ಳು ಕಳಂಕ ತೊಡೆಯಲು ಐದು ವರ್ಷ ಹಿಡಿಯಿತು. ಅದೇ ವರ್ಷ ಗ್ರೇಸ್ ಫ್ರೈಯರ್ ಮೊಕದ್ದಮೆ ಹೂಡಿದಳು. ಮಾಲಿಯ ಇಬ್ಬರು ಸೋದರಿಯರೂ ಸೇರಿ ಒಟ್ಟು ಐವರು ವಾದಿಗಳು. 1928ರ ಜೂನ್‌ನಲ್ಲಿ ರಾಜಿಯಾಯಿತು. ತಲಾ 10,000 ಡಾಲರ್, ಜೊತೆಗೆ ಬದುಕಿರುವ ತನಕ ವರ್ಷಕ್ಕೆ 600 ಡಾಲರ್. ಗ್ರೇಸ್ 1933ರಲ್ಲಿ ತೀರಿಕೊಂಡಳು.

ಆಮೇಲಿನ ಕಥೆ ಚಿಕ್ಕದು. 1960ರ ದಶಕದಲ್ಲಿ ಟ್ರಿಟಿಯಂ ಬಂದಿತು. 12 ವರ್ಷ ದಾಟುತ್ತಲೇ ಅದು ಅರ್ಧವಾಗುತ್ತದೆ. 1990ರ ದಶಕದಲ್ಲಿ ಜಪಾನಿನ ನೆಮೊಟೊ ಸಂಸ್ಥೆ ತಂದ ಸ್ಟ್ರಾಂಷಿಯಂ ಅಲ್ಯುಮಿನೇಟ್ ಬಣ್ಣದಲ್ಲಿ ವಿಕಿರಣವೇ ಇಲ್ಲ. ಹಗಲು ಹೀರಿದ ಬೆಳಕನ್ನು ಅದು ಇರುಳಲ್ಲಿ ಹಿಂದಿರುಗಿಸುತ್ತದೆ. ಮೊದಲ ಗಂಟೆಯಲ್ಲಿ ಕಾಂತಿ ಬೇಗ ಇಳಿದರೂ, ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಬೆಳಗಿನ ಜಾವದವರೆಗೂ ಅಂಕಿ ತೋರುತ್ತದೆ.

ಅಜ್ಜನ ಗಡಿಯಾರವನ್ನು ರಿಪೇರಿಗೆಂದು ಬಿಚ್ಚಿಸಕೂಡದೆಂದು ಮನೆಯಲ್ಲಿ ಹೇಳಿದ್ದೇನೆ. ಹಳೆಯ ಬಣ್ಣ ಪುಡಿಯಾಗಿ ಉದುರುತ್ತದೆ; ಗಾಜು ತೆಗೆದರೆ ಆ ಧೂಳು ಉಸಿರಿನೊಡನೆ ಒಳಹೋದೀತು.