ಶೇಕಡಾ ಹತ್ತು, ಶೇಕಡಾ ಇಪ್ಪತ್ತು: ಮಿದುಳಿನ ಅಲೆಗೆ ವಿಳಾಸ ಸಿಕ್ಕ ಕಥೆ



ಚಾರ್ಟರ್ಡ್ ಅಕೌಂಟೆಂಟ್ ಒಬ್ಬ ಮಿದುಳಿನ ವಿಷಯ ಮಾತಾಡಲು ನಿಂತಿದ್ದಾನಲ್ಲ ಎಂದು ನಿಮಗೆ ಅನಿಸಬಹುದು. ನನ್ನನ್ನು ಈ ವಿಷಯಕ್ಕೆ ಎಳೆದು ತಂದವರು ನಮ್ಮ ಅಮ್ಮ. ಕೆಲವು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದಿದ್ದಾಗ ಒಂದು ರಾತ್ರಿ ಫಿಟ್ಸ್ ಬಂತು. ಅದಕ್ಕೆ ಎರಡು ವರ್ಷ ಮೊದಲು ಊರಿನಲ್ಲೂ ಒಮ್ಮೆ ಬಂದಿತ್ತು. ಆಗ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ, ಮಾಡಿಸಿದ್ದೆವು. ಇಲ್ಲಿಯ ವೈದ್ಯರಿಗೆ ಹೋಲಿಸಿ ನೋಡಲು ಆ ಹಳೆಯ ದಾಖಲೆ ಬೇಕಾಯಿತು. ತಮ್ಮ ಹಾಳೆಗಳ ಫೋಟೋ ತೆಗೆದು ತಕ್ಷಣ ಕಳಿಸಿದ. ವೈದ್ಯರು ನೋಡಿ ಹೇಳಿದರು: “ಅಲೆಗಳು ಚೆನ್ನಾಗಿಯೇ ಕಾಣುತ್ತಿವೆ. ಆದರೆ ಯಾವ ಗೆರೆ ತಲೆಯ ಯಾವ ಜಾಗದ್ದು ಎಂದು ಬರೆದಿಲ್ಲ. ಇದನ್ನು ಇಟ್ಟುಕೊಂಡು ನಾನೇನೂ ಹೇಳಲಾರೆ.”

ಖಾತೆಯ ಹೆಸರಿಲ್ಲದ ಮೊತ್ತವನ್ನು ದಿನವೂ ವಾಪಸು ಕಳಿಸುವವನು ನಾನು. ಅವರ ಮಾತು ನನಗೆ ಥಟ್ಟನೆ ಅರ್ಥವಾಯಿತು. ಮನೆಗೆ ಬಂದು ಈ ಹೆಸರುಗಳ ಇತಿಹಾಸ ಓದಲು ಕುಳಿತೆ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ಅಲೆಗಳನ್ನು ದಾಖಲಿಸಿದರು. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಆಗ ನಂಬಿದವರು ಕಡಿಮೆ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಅಲೆಗಳನ್ನು ತಾವೂ ಕಂಡು ದೃಢಪಡಿಸಿದ ಮೇಲೆ ಲೋಕ ಒಪ್ಪಿತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಪರಿಶೀಲಿಸಿ ಸಹಿ ಹಾಕಿದಂತೆ.

ಆಮೇಲೆ ಪ್ರಯೋಗಾಲಯಗಳು ಹೆಚ್ಚಿದವು, ಜೊತೆಗೆ ಗೊಂದಲವೂ ಹೆಚ್ಚಿತು. ವಿದ್ಯುದ್ವಾರ, ಅಂದರೆ ಎಲೆಕ್ಟ್ರೋಡ್, ತಲೆಯ ಮೇಲೆ ಎಲ್ಲಿ ಇಡಬೇಕು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಪದ್ಧತಿ. 1947ರಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಇಇಜಿ ಸಮ್ಮೇಳನ, ಇದಕ್ಕೊಂದು ಸಾಮಾನ್ಯ ನಿಯಮ ಬೇಕೆಂದು ತೀರ್ಮಾನಿಸಿತು. ಕೆಲಸ ಬಿದ್ದದ್ದು ನಮ್ಮ ಮಾಂಟ್ರಿಯಲ್‌ನ ನರವಿಜ್ಞಾನ ಸಂಸ್ಥೆಯಲ್ಲಿದ್ದ ಹರ್ಬರ್ಟ್ ಜಾಸ್ಪರ್ ಅವರ ಹೆಗಲಿಗೆ. 1949ರ ಪ್ಯಾರಿಸ್ ಸಮ್ಮೇಳನದಲ್ಲಿ ಅವರು ಯೋಜನೆ ಮುಂದಿಟ್ಟರು. ಸಮಿತಿಯ ವರದಿ 1958ರಲ್ಲಿ ಅಚ್ಚಾಯಿತು. ಅದೇ 10-20 ಪದ್ಧತಿ.

ಅದರ ಜಾಣ್ಮೆ ಲೆಕ್ಕ ಬರೆಯುವವನಿಗೆ ಬೇಗ ಹಿಡಿಸುತ್ತದೆ. ಎಲ್ಲರ ತಲೆಯೂ ಒಂದೇ ಅಳತೆಯದಲ್ಲ, ಹಾಗಾಗಿ ಸೆಂಟಿಮೀಟರಿನಲ್ಲಿ ನಿಯಮ ಮಾಡಿದರೆ ಕೆಟ್ಟಿತು. ಅವರು ಶೇಕಡಾವಾರು ಹಿಡಿದರು. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂಬದಿಯಲ್ಲಿ ಬೆರಳಿಗೆ ಸಿಗುವ ಉಬ್ಬಿನವರೆಗೆ ಟೇಪು ಹಿಡಿಯಬೇಕು. ಮೊದಲು ಶೇ. 10, ಆಮೇಲೆ ನಾಲ್ಕು ಸಲ ಶೇ. 20, ಕೊನೆಗೆ ಶೇ. 10. ಅಳತೆ 36 ಸೆಂ.ಮೀ. ಇದ್ದರೆ 3.6, ನಾಲ್ಕು ಸಲ 7.2, ಮತ್ತೆ 3.6. ಮಗುವಿನ ತಲೆ 30 ಇದ್ದರೆ 3, ನಾಲ್ಕು ಸಲ 6, ಮತ್ತೆ 3. ಕೂಡಿದರೆ ಎರಡೂ ತಾಳೆಯಾಗುತ್ತವೆ, ಎರಡರಲ್ಲೂ ಜಾಗದ ಹೆಸರು ಒಂದೇ. ಮುಂಭಾಗಕ್ಕೆ ಎಫ್, ನಡುವಿಗೆ ಸಿ, ಕಪಾಲದ ಪಕ್ಕಕ್ಕೆ ಟಿ, ಹಿಂಭಾಗಕ್ಕೆ ಓ. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ, ನಡುಗೆರೆಗೆ ಸೊನ್ನೆಯ ಸಂಕೇತವಾಗಿ ಝೆಡ್. “ಟಿ4” ಎಂದರೆ ಸಾಕು, ಟೋಕಿಯೋದ ವೈದ್ಯರೂ ಬಲ ಕಪಾಲದತ್ತ ನೋಡುತ್ತಾರೆ.

ಜಾಗದ ಜೊತೆ ಅಳತೆಯೂ ಗೊತ್ತಿರಬೇಕು. ಕಾಗದದ ಕಾಲದಲ್ಲಿ ಸೆಕೆಂಡಿಗೆ 30 ಮಿಲಿಮೀಟರ್ ವೇಗ, ಮಿಲಿಮೀಟರಿಗೆ 7 ಮೈಕ್ರೋವೋಲ್ಟ್ ಎತ್ತರ ಎಂಬ ರೂಢಿ ಬೆಳೆಯಿತು. ಮೈಕ್ರೋವೋಲ್ಟ್ ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಇಜಿಯಲ್ಲಿ ಗೆರೆ ಮೇಲೆದ್ದರೆ ಋಣ, ಕೆಳಗಿಳಿದರೆ ಧನ. ಹೊಸಬರಿಗೆ ತಲೆಕೆಳಗು ಅನಿಸುತ್ತದೆ. ಆದರೆ ಡೆಬಿಟ್ ಎಡಕ್ಕೇ ಯಾಕೆ ಎಂದು ನಾವು ಕೇಳುತ್ತೇವೆಯೇ? ಎಲ್ಲರೂ ಒಪ್ಪಿದರೆ ಆಯಿತು.

ನನ್ನನ್ನು ಹೆಚ್ಚು ಕಾಡಿದ್ದು ಸೊನ್ನೆಯ ನಿಯಮ. ಮಿದುಳು ನಿಷ್ಕ್ರಿಯವಾಗಿದೆಯೇ ಎಂದು ಇಇಜಿಯಿಂದ ನೋಡುವಾಗ ನೇರ ಗೆರೆ ಕಂಡರೆ ಸಾಲದು. ಅಮೆರಿಕದ ನರವೈದ್ಯರ ಮಾರ್ಗಸೂಚಿಯ ಪ್ರಕಾರ ವಿದ್ಯುದ್ವಾರದ ಜೋಡಿಗಳು ಕನಿಷ್ಠ 10 ಸೆಂ.ಮೀ. ದೂರವಿರಬೇಕು, ದಾಖಲೆ ಕನಿಷ್ಠ 30 ನಿಮಿಷದ್ದಾಗಿರಬೇಕು, 2 ಮೈಕ್ರೋವೋಲ್ಟಿಗಿಂತ ಹೆಚ್ಚಿನ ಚಟುವಟಿಕೆ ಇರಕೂಡದು. ಇದರ ಜೊತೆಗೆ ಇಡೀ ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ತಂತಿ ಕಳಚಿದರೂ ಗೆರೆ ನೇರವಾಗಬಹುದಲ್ಲ! ಲೆಕ್ಕದಲ್ಲಿ ಬಾಕಿ ಸೊನ್ನೆ ಎನ್ನುವುದೂ ಲೆಕ್ಕವನ್ನೇ ಬರೆಯದಿರುವುದೂ ಬೇರೆ ಬೇರೆ. ಅಲ್ಲಿ ತಪ್ಪಿದರೆ ದಂಡ ಕಟ್ಟಿ ಮುಗಿಸಬಹುದು, ಇಲ್ಲಿ ಪಣಕ್ಕಿರುವುದು ಒಂದು ಜೀವ.

ನಿಯಮಗಳು ನಿಂತ ನೀರಲ್ಲ. 1991ರಲ್ಲಿ ಅಮೆರಿಕದ ಇಇಜಿ ಸಂಘ ಟಿ3ಕ್ಕೆ ಟಿ7, ಟಿ4ಕ್ಕೆ ಟಿ8 ಎಂದು ಹೊಸ ಹೆಸರಿಟ್ಟಿತು. ಹಳೆಯ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ, ಆದ್ದರಿಂದ ಓದುವವರು ಎರಡನ್ನೂ ತಿಳಿದಿರಬೇಕು. ದಾಖಲೆ ಕಂಪ್ಯೂಟರಿಗೆ ಬಂದಾಗ ಇನ್ನೊಂದು ತೊಡಕು: ಒಂದು ಕಂಪನಿಯ ಫೈಲು ಇನ್ನೊಂದು ಕಂಪನಿಯ ಯಂತ್ರದಲ್ಲಿ ತೆರೆಯದು. ಅದಕ್ಕೆ ಯುರೋಪಿನ ಸಂಶೋಧಕರು 1992ರಲ್ಲಿ ಇಡಿಎಫ್ ಎಂಬ ಎಲ್ಲರೂ ಬಳಸಬಹುದಾದ ಸರಳ ನಮೂನೆ ಪ್ರಕಟಿಸಿದರು.

ಅಮ್ಮನಿಗೆ ಇಲ್ಲಿ ಮತ್ತೆ ಇಇಜಿ ಆಯಿತು. ಈ ಸಲ ಇಡಿಎಫ್ ಪ್ರತಿ ಕೇಳಿ ಪಡೆದು ಊರಿನ ವೈದ್ಯರಿಗೂ ಕಳಿಸಿದೆ. ಎರಡು ದಿನದಲ್ಲಿ ತಮ್ಮನ ಫೋನು ಬಂತು: “ಅಣ್ಣಾ, ಪೂರ್ತಿ ಓದಿದ್ರಂತೆ. ಅದೇ ಮಾತ್ರೆ ಮುಂದುವರಿಸಿ ಅಂದ್ರು.” ಇಲ್ಲಿಯ ವೈದ್ಯರು ಹೇಳಿದ್ದೂ ಅದನ್ನೇ. ಅಮ್ಮ ನಕ್ಕು, “ನನ್ನ ತಲೇಲಿ ಏನಿದೆ ಅಂತ ಈಗ ಎರಡು ದೇಶಕ್ಕೂ ಗೊತ್ತಾಯ್ತು ಬಿಡು” ಎಂದರು. ಆದರೆ ಮೊದಲ ಸಲಕ್ಕಿಂತ ಈಗ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ. ಹೆಸರಿಲ್ಲದ ಆ ಹಾಳೆಗಳ ಜೊತೆಗೇ ಅದು ಹೋಯಿತು.

ಬಂಧುಗಳೇ, ನಮ್ಮ ತಂದೆತಾಯಿಯರು ಎರಡು ದೇಶಗಳ ನಡುವೆ ಓಡಾಡುವವರು. ಅವರ ದಾಖಲೆಯೂ ಓಡಾಡಬೇಕು. ಆಸ್ಪತ್ರೆಯಿಂದ ಹೊರಡುವ ಮುನ್ನ ಬರೀ ವರದಿಯ ಹಾಳೆಗೆ ತೃಪ್ತರಾಗಬೇಡಿ. ಮೂಲ ಫೈಲು ಕೇಳಿ, ಗೆರೆಗಳ ಪಕ್ಕ ಹೆಸರಿದೆಯೇ, ಅಳತೆ ಬರೆದಿದೆಯೇ ನೋಡಿ. ಅಪರಿಚಿತರೊಬ್ಬರು ಅದನ್ನು ಓದಿ ನಮ್ಮವರನ್ನು ಉಳಿಸಲಿ ಎಂದೇ ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ, ಇಲ್ಲೇ ಮಾಂಟ್ರಿಯಲ್ಲಿನಲ್ಲಿ ಅಷ್ಟು ಜನ ಕುಳಿತು ಟೇಪು ಹಿಡಿದರು.